ಟೆರೇಸ್ ಮೇಲೆ ಕಣ್ಣಿಗೆ ಬೀಳದ 20 ಮೀಟರ್ ತಂತಿ: ಎಂಡ್-ಫೆಡ್ ಆಂಟೆನಾ ಜೊತೆ ಮೂರು ಮಳೆಗಾಲ

ಹ್ಯಾಮ್ ರೇಡಿಯೋಗೆ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೋಗೆ, ಟೆರೇಸ್ ಮೇಲೆ ಕಟ್ಟಿದ ಎಂಡ್-ಫೆಡ್ (ಒಂದು ತುದಿಯಿಂದ ಪವರ್ ಕೊಡುವ) ತಂತಿ ಆಂಟೆನಾ ಬಗ್ಗೆ, ಮೂರು ಮಳೆಗಾಲ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲ ವಾರವೇ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು. ಮೊದಲ ಅಕ್ಟೋಬರ್‌ನಲ್ಲಿ ಬರೆದಿದ್ದರೆ ಬರೀ ಸಿಟ್ಟು ಇರುತ್ತಿತ್ತು.

ನನ್ನ ಮನೆ ಬೆಂಗಳೂರಿನಲ್ಲಿ. ಹನ್ನೆರಡು ಮನೆಗಳ ಹಳೇ ಅಪಾರ್ಟ್‌ಮೆಂಟ್, ನಾವಿರುವುದು ಕೊನೇ ಮಹಡಿ, ಮೇಲಿನ ಟೆರೇಸ್ ಎಲ್ಲರಿಗೂ ಸೇರಿದ್ದು. ಹ್ಯಾಮ್ ಲೈಸೆನ್ಸ್ ಕೈಗೆ ಬಂದಾಗ ರೇಡಿಯೋ ಯಾವುದು ಕೊಳ್ಳಬೇಕು ಅಂತ ತಿಂಗಳುಗಟ್ಟಲೆ ಯೋಚಿಸಿದ್ದೆ. ಆಂಟೆನಾ ಬಗ್ಗೆ ಒಂದು ಸಂಜೆಯೂ ಯೋಚಿಸಿರಲಿಲ್ಲ. ಹೊಸಬರು ಬಹಳ ಜನ ಹೀಗೇ ಮಾಡುತ್ತಾರೆ, ಆದರೆ ನಿಜವಾಗಿ ಉಲ್ಟಾ ಆಗಬೇಕು. ಟವರ್, ಯಾಗಿ (ಹಳೇ ಟಿವಿ ಆಂಟೆನಾದಂಥ ದೊಡ್ಡ ಆಂಟೆನಾ) ಎಲ್ಲ ನಮ್ಮಂಥ ಕಟ್ಟಡದಲ್ಲಿ ಆಗುವ ಮಾತಲ್ಲ. ಕಣ್ಣಿಗೆ ಬೀಳಬಾರದು, ಯಾರ ದಾರಿಗೂ ಅಡ್ಡ ಬರಬಾರದು, ಬಿಚ್ಚಿ ಅಂದರೆ ಒಂದು ಗಂಟೆಯಲ್ಲಿ ಬಿಚ್ಚಿಡುವಂತಿರಬೇಕು. ನನಗೆ ಬೇಕಾಗಿದ್ದು ಇಷ್ಟು.

ಮೊದಲು ಮನೆಯೊಳಗೇ ಮುಗಿಸೋಣ ಅಂದುಕೊಂಡೆ. ಅಮೆರಿಕದವರ ವಿಡಿಯೋ ನೋಡಿದರೆ ಅಟ್ಟದಲ್ಲಿ ಡೈಪೋಲ್ (ಮಧ್ಯದಲ್ಲಿ ಪವರ್ ಕೊಡುವ ತಂತಿ ಆಂಟೆನಾ) ಕಟ್ಟಿರುತ್ತಾರೆ, ಅಂಗಳದ ಬಾವುಟದ ಕಂಬವನ್ನೇ ನೆಟ್ಟಗೆ ನಿಲ್ಲುವ ಆಂಟೆನಾ ಮಾಡಿಕೊಂಡಿರುತ್ತಾರೆ. ಅಲ್ಲಿ ಎಷ್ಟೋ ಮನೆಗಳು ಮರದವು. ನಮ್ಮದು ಆರ್‌ಸಿಸಿ, ಸೂರಿನ ತುಂಬ ಗೇಣಿಗೊಂದು ಕಬ್ಬಿಣದ ಕಂಬಿ. ಒಳಗೆ ಕಟ್ಟಿದ ತಂತಿ ಅರ್ಧ ಪಂಜರದಲ್ಲಿ ಕೂತ ಹಾಗೆ. ಅದಕ್ಕೇ ಬಾಲ್ಕನಿಗೆ ಬಂದೆ, ಸುಮಾರು ಒಂದು ಮೀಟರ್ ಅಗಲದ ಮ್ಯಾಗ್ನೆಟಿಕ್ ಲೂಪ್, ಅಂದರೆ ಬಳೆಯಾಕಾರದ ಆಂಟೆನಾ ಇಟ್ಟೆ. ಲೂಪ್ ಕೆಟ್ಟದ್ದು ಅಂತ ಹೇಳುವುದಿಲ್ಲ. ತಿರುಗಿಸಿದರೆ ಒಂದು ಕಡೆಯ ಗದ್ದಲ ಬಹಳಷ್ಟು ಅಡಗುತ್ತದೆ, 20 ಮೀಟರ್ ಬ್ಯಾಂಡ್‌ನಲ್ಲಿ (ಇಲ್ಲಿ ಮೀಟರ್ ಅಂದರೆ ರೇಡಿಯೋ ತರಂಗದ ಉದ್ದ; 40 ಮೀಟರ್ ಅಂದರೆ 7 ಮೆಗಾಹರ್ಟ್ಜ್, ಅಂಕಿ ಚಿಕ್ಕದಾದಷ್ಟು ಆವರ್ತನ ಹೆಚ್ಚು) ನನಗೆ ಒಳ್ಳೊಳ್ಳೆ ಕಾಂಟ್ಯಾಕ್ಟ್ ಕೊಟ್ಟಿದೆ. ಆದರೆ 40 ಮೀಟರ್‌ಗೆ ಬಂದರೆ ಅಷ್ಟು ಚಿಕ್ಕ ಲೂಪ್ ಪವರ್‌ನ ಬಹುಪಾಲು ಬಿಸಿಯಾಗಿ ಕಳೆಯುತ್ತದೆ. ಕೆಲವೇ ಕಿಲೋಹರ್ಟ್ಜ್ ಆಚೆ ಹೋದರೂ ಕೆಪಾಸಿಟರ್ ಮತ್ತೆ ತಿರುಗಿಸಬೇಕು. ಬಾಲ್ಕನಿಯ ಕಬ್ಬಿಣದ ಗ್ರಿಲ್ ಬೇರೆ ಪಕ್ಕದಲ್ಲೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರಸಾರ ಮಾಡುವಾಗ ಆ ಲೂಪ್ ಮನೆಯವರ ತಲೆಗೆ ಒಂದೂವರೆ ಮೀಟರ್ ದೂರದಲ್ಲಿರುವುದು ನನಗೆ ಇಷ್ಟವಾಗಲಿಲ್ಲ. ಮಾರಿಬಿಟ್ಟೆ.

ಆಮೇಲೆ ಕೊಂಡಿದ್ದೇ ಈ ಎಂಡ್-ಫೆಡ್ ಹಾಫ್ ವೇವ್. ಮುಷ್ಟಿಯಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಒಳಗೆ 49:1 ಟ್ರಾನ್ಸ್‌ಫಾರ್ಮರ್, ಜೊತೆಗೆ ಸುಮಾರು 20 ಮೀಟರ್ ತಂತಿ. ಎಲ್ಲ ಸೇರಿ 6,000 ರೂಪಾಯಿಯೊಳಗೆ ಬಂತು. 7 ಮೆಗಾಹರ್ಟ್ಜ್‌ನಲ್ಲಿ ಅರ್ಧ ತರಂಗ ಅಂದರೆ 20 ಮೀಟರ್ ಚಿಲ್ಲರೆ. ಅರ್ಧ ತರಂಗದ ತಂತಿಗೆ ತುದಿಯಲ್ಲಿ ಪವರ್ ಕೊಟ್ಟರೆ ಅಲ್ಲಿ ಇಂಪೆಡೆನ್ಸ್ (ಸಿಗ್ನಲ್‌ಗೆ ಎದುರಾಗುವ ಅಡೆತಡೆ) ಎರಡೂವರೆ ಸಾವಿರ ಓಮ್‌ನ ಆಸುಪಾಸು ಇರುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ರೇಡಿಯೋಗೆ ಬೇಕಾದ 50 ಓಮ್‌ಗೆ ಇಳಿಸುತ್ತದೆ. ಅದೇ ತಂತಿ 20, 15, 10 ಮೀಟರ್‌ನಲ್ಲೂ ಟ್ಯೂನರ್ (ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಪೆಟ್ಟಿಗೆ) ಇಲ್ಲದೆ ನಡೆಯುತ್ತದೆ. ಡೈಪೋಲ್‌ಗಾದರೆ ಮಧ್ಯದಿಂದ ಕೋಆಕ್ಸ್, ಅಂದರೆ ರೇಡಿಯೋದಿಂದ ಬರುವ ಕೇಬಲ್, ನೇತಾಡುತ್ತದೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇದರಲ್ಲಿ ಕೋಆಕ್ಸ್ ಒಂದು ಮೂಲೆಯಲ್ಲೇ ಉಳಿಯುತ್ತದೆ. ಕದ್ದುಮುಚ್ಚಿ ಹಾಕುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಕದ್ದುಮುಚ್ಚಿ ಅಂದೆ, ಆದರೆ ಕಾನೂನು ಬಿಟ್ಟು ಅಲ್ಲ. ಅಸೋಸಿಯೇಷನ್ ಸೆಕ್ರೆಟರಿಗೆ ಲೈಸೆನ್ಸ್ ಪ್ರತಿ ತೋರಿಸಿ, ಡಬ್ಬಿ ಅವರ ಕೈಗೇ ಕೊಟ್ಟು ಕೇಳಿದೆ. "ಇಷ್ಟೇನಾ? ನಾನು ಮೊಬೈಲ್ ಟವರ್ ಅಂದುಕೊಂಡಿದ್ದೆ ಕಣಪ್ಪಾ" ಅಂದರು. ಮರೆಯಾಗಿರಬೇಕು ಅಂತ ನನಗಿದ್ದದ್ದು ನೋಡಲು ಅಸಹ್ಯ ಆಗಬಾರದು ಅಂತ, ಯಾರಿಗೂ ಹೇಳಬಾರದು ಅಂತಲ್ಲ. ದಯವಿಟ್ಟು ನೀವೂ ಮೊದಲು ಹೇಳಿ, ಆಮೇಲೆ ಕಟ್ಟಿ.

ಮರೆಮಾಡುವ ಕೆಲಸ ನಮ್ಮೂರಲ್ಲಿ ಸುಲಭ. ಟೆರೇಸ್‌ನಿಂದ ಟೆರೇಸ್‌ಗೆ ಹರಿದುಹೋದ ಕೇಬಲ್ ಟಿವಿ ವೈರು, ಇಂಟರ್ನೆಟ್ ವೈರು, ಡಿಶ್ ವೈರು. ಅವುಗಳ ನಡುವೆ ಇನ್ನೊಂದು ಕಪ್ಪು ತಂತಿಯನ್ನು ಯಾರು ನೋಡುತ್ತಾರೆ? ಕಿಟ್ ಜೊತೆ ಬಂದದ್ದು ಬಿಳಿ ತಂತಿ, ಅದನ್ನು ಬಿಟ್ಟು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಿಂದ ತೆಳ್ಳನೆ ಕಪ್ಪು ಮಲ್ಟಿಸ್ಟ್ರ್ಯಾಂಡ್ ವೈರ್ ತಂದೆ. 20.2 ಮೀಟರ್ ಕತ್ತರಿಸಿ ಕಟ್ಟಿ ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಚಿಕ್ಕ ಉಪಕರಣ) ಹಚ್ಚಿದರೆ ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಬರುತ್ತಿದೆ ಎಂಬ ಅಳತೆ, 1 ಅಂದರೆ ಸ್ವಲ್ಪವೂ ಇಲ್ಲ) ತಗ್ಗು 6.88 ಮೆಗಾಹರ್ಟ್ಜ್‌ನಲ್ಲಿತ್ತು. ಪ್ಲಾಸ್ಟಿಕ್ ಹೊದಿಕೆಯ ತಂತಿ ಬರಿ ತಂತಿಗಿಂತ ಉದ್ದವಿದ್ದಂತೆ ವರ್ತಿಸುತ್ತದೆ, ಅದಕ್ಕೇ ಹೀಗೆ. ಕತ್ತರಿಸಬೇಡಿ, ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಸುತ್ತಿ. 60 ಸೆಂಟಿಮೀಟರ್ ಚಿಲ್ಲರೆ ಮಡಚಿದ ಮೇಲೆ 7.1ಕ್ಕೆ ಬಂತು. ಈಗ ಎಸ್‌ಡಬ್ಲ್ಯುಆರ್ 40 ಮೀಟರ್‌ನಲ್ಲಿ 1.3, 20ರಲ್ಲಿ 1.5, 15 ಮತ್ತು 10ರಲ್ಲಿ 2ಕ್ಕಿಂತ ಸ್ವಲ್ಪ ಕಡಿಮೆ.

ಇನ್ನು ತೊಂದರೆಗಳ ಕಥೆ.

ಮೊದಲು ನಾನು ಡಬ್ಬಿಯನ್ನು ನೀರಿನ ಟ್ಯಾಂಕ್ ಸ್ಟ್ಯಾಂಡಿಗೆ ಕಟ್ಟಿದ್ದೆ. ಎತ್ತರದ ಜಾಗ, ಯಾರೂ ಹೋಗುವುದಿಲ್ಲ, ಅಂತ. ಮೂರನೇ ರಾತ್ರಿ ಹತ್ತು ಗಂಟೆಗೆ 40 ಮೀಟರ್‌ನಲ್ಲಿ ಮಾತಾಡುತ್ತಿದ್ದೆ. ಹೊರಗೆ ಮಳೆ ಬಂದ ಹಾಗೆ ಸದ್ದು. ಕಿಟಕಿ ತೆಗೆದು ನೋಡಿದರೆ ಆಕಾಶದಲ್ಲಿ ನಕ್ಷತ್ರ ಇವೆ, ಗೋಡೆ ಮೇಲೆ ನೀರು ಧಾರಾಕಾರ ಇಳೀತಿದೆ. ಟ್ಯಾಂಕ್ ತುಂಬಿ ಉಕ್ಕುತ್ತಿತ್ತು. ನಮ್ಮ ಕಟ್ಟಡದ ಮೋಟಾರು ವಾಟರ್ ಲೆವೆಲ್ ಕಂಟ್ರೋಲರ್ ಮೇಲೆ ನಡೆಯುತ್ತದೆ, ಟ್ಯಾಂಕಿನೊಳಗಿನ ಸೆನ್ಸರ್‌ನಿಂದ ಕೆಳಗಿನ ಸಂಪ್‌ವರೆಗೆ ತೆಳು ವೈರ್ ಇಳಿದಿದೆ. ಆ ವೈರೇ ನನ್ನ ಸಿಗ್ನಲ್ ಹಿಡಿದು ಟ್ಯಾಂಕ್ ಖಾಲಿ ಅಂತ ಕಂಟ್ರೋಲರ್‌ಗೆ ಹೇಳಿತ್ತು. ಮೈಕಿನ ಬಟನ್ ಒತ್ತಿದಾಗಲೆಲ್ಲ ಮೋಟಾರ್ ಆನ್. ಬೇಸಿಗೆ ಕಾಲ, ಟ್ಯಾಂಕರ್ ನೀರಿಗೆ ಎಲ್ಲರೂ ಸೇರಿ ದುಡ್ಡು ಕೊಡುತ್ತಿದ್ದ ದಿನಗಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಸೆಕ್ರೆಟರಿ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ, ಒಂದು ಟ್ಯಾಂಕರ್ ನೀರಿನ ದುಡ್ಡು ಕೊಟ್ಟೆ.

ಇದರ ಕಾರಣ ಕಿಟ್‌ನ ಜೊತೆ ಬಂದ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಎಂಡ್-ಫೆಡ್‌ಗೆ ಇನ್ನೊಂದು ಕಾಲು ಬೇಕು, ಅಂದರೆ ಕೌಂಟರ್‌ಪಾಯ್ಸ್, ಕರೆಂಟ್ ಮರಳಿ ಹರಿಯುವ ದಾರಿ. ನೀವು ಬೇರೆ ತಂತಿ ಕೊಡದಿದ್ದರೆ ಕೋಆಕ್ಸ್‌ನ ಹೊರಮೈಯೇ ಆ ಕೆಲಸ ಮಾಡುತ್ತದೆ. ಆಗ ಅದೂ ಪ್ರಸಾರ ಮಾಡುತ್ತದೆ, ಮನೆಯೊಳಗಿನ ಗದ್ದಲವನ್ನೂ ಹೀರಿ ರೇಡಿಯೋಗೆ ತರುತ್ತದೆ. ಡಬ್ಬಿಯ ಅರ್ತ್ ಸ್ಕ್ರೂಗೆ ಎರಡು ಮೀಟರ್ ತಂತಿ ಕಟ್ಟಿದೆ. ಕೋಆಕ್ಸ್ ಮನೆಯೊಳಗೆ ಬರುವ ಕಡೆ ಒಂದು ದೊಡ್ಡ ಎಫ್‌ಟಿ240-43 ಫೆರೈಟ್ ರಿಂಗ್‌ಗೆ ಆರ್‌ಜಿ-58 ಕೇಬಲ್ಲನ್ನು ಹತ್ತು ಸುತ್ತು ಸುತ್ತಿ ಚೋಕ್, ಅಂದರೆ ಕೇಬಲ್‌ನ ಹೊರಮೈಯಲ್ಲಿ ಹರಿಯುವ ಸಿಗ್ನಲ್‌ಗೆ ತಡೆ, ಮಾಡಿದೆ. ಡಬ್ಬಿಯನ್ನು ಟ್ಯಾಂಕಿನಿಂದ ಬಿಚ್ಚಿ ಟೆರೇಸ್‌ನ ಎದುರು ಮೂಲೆಗೆ, ಮೆಟ್ಟಿಲು ಕೋಣೆಯ ಗೋಡೆಗೆ ಸಾಗಿಸಿದೆ. ಸೆನ್ಸರ್ ವೈರ್‌ಗೂ ಒಂದು ಫೆರೈಟ್ ಹಾಕಿದೆ. ಅಂದಿನಿಂದ ಇವತ್ತಿನವರೆಗೆ ಮೋಟಾರ್ ತಾನಾಗಿ ಶುರುವಾಗಿಲ್ಲ. ಒಂದು ಮಾತು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳದಿ-ಬಿಳಿ ಬಣ್ಣದ ರಿಂಗ್ ತಂದು ಚೋಕ್ ಸುತ್ತಬೇಡಿ. ಅದು ಪವರ್ ಸಪ್ಲೈಗೆ ಮಾಡಿದ ಕಬ್ಬಿಣದ ಪುಡಿಯ ಕೋರ್, ಈ ಕೆಲಸಕ್ಕೆ ಬರುವುದಿಲ್ಲ. ನಾನು ಎರಡು ತಂದು ಎಸೆದಿದ್ದೇನೆ.

ಎರಡನೇ ತೊಂದರೆ ಬಟ್ಟೆ. ತಂತಿಯ ಆಚೆ ತುದಿ ಪ್ಯಾರಾಪೆಟ್ ಹತ್ತಿರ ಎದೆ ಎತ್ತರಕ್ಕೆ ಬಂದಿತ್ತು. ಒಂದು ದಿನ ಎಸ್‌ಡಬ್ಲ್ಯುಆರ್ ಇದ್ದಕ್ಕಿದ್ದಂತೆ 4 ತೋರಿಸಿತು. ಓಡಿ ಮೇಲೆ ಹೋದರೆ ಎರಡನೇ ಮಹಡಿ ಆಂಟಿ ನನ್ನ ಆಂಟೆನಾ ಮೇಲೆ ಒದ್ದೆ ಟವೆಲ್ ಹರವಿ ಕ್ಲಿಪ್ ಹಾಕುತ್ತಿದ್ದಾರೆ. "ಹೊಸ ಹಗ್ಗ ಕಟ್ಟಿದ್ದೀಯಲ್ಲ, ಒಳ್ಳೇದಾಯ್ತು ಬಿಡು" ಅಂದರು. ನನ್ನ ಕೈಕಾಲು ತಣ್ಣಗಾಯಿತು. 100 ವಾಟ್ ಪ್ರಸಾರ ಮಾಡುವಾಗ ಡಬ್ಬಿಯ ಹತ್ತಿರ ತಂತಿಯಲ್ಲಿ ಸುಮಾರು 500 ವೋಲ್ಟ್ ಇರುತ್ತದೆ, ಆಚೆ ತುದಿಯಲ್ಲೂ ವೋಲ್ಟೇಜ್ ಹೆಚ್ಚೇ. ಮುಟ್ಟಿದರೆ ಚರ್ಮ ಸುಡುತ್ತದೆ. ನಾನು ಆಗ ಪವರ್ ತೀರಾ ಕಡಿಮೆ ಇಟ್ಟು ಟ್ಯೂನ್ ಮಾಡುತ್ತಿದ್ದೆ, ತಂತಿಗೆ ಹೊದಿಕೆಯೂ ಇತ್ತು, ದೇವರು ದೊಡ್ಡವನು. ಆಂಟಿಗೆ ವಿಷಯ ಬಿಡಿಸಿ ಹೇಳಿದೆ. ಅದೇ ಭಾನುವಾರ ಎರಡು ಪಿವಿಸಿ ಪೈಪ್ ನಿಲ್ಲಿಸಿ ಇಡೀ ತಂತಿಯನ್ನು ಎರಡೂವರೆ ಮೀಟರ್ ಮೇಲೆ ಏರಿಸಿದೆ, ಆಚೆ ತುದಿಯನ್ನು ಹಿಂದಿನ ಮನೆಯವರ ಒಪ್ಪಿಗೆ ಪಡೆದು ಅವರ ತೆಂಗಿನ ಮರಕ್ಕೆ ನೈಲಾನ್ ದಾರದಲ್ಲಿ ಎಳೆದು ಕಟ್ಟಿದೆ. ಆಂಟಿಗೆ ನಿಜವಾದ ಬಟ್ಟೆ ಹಗ್ಗವನ್ನೂ ಇನ್ನೊಂದು ಕಡೆ ಕಟ್ಟಿಕೊಟ್ಟೆ. ಕಣ್ಣಿಗೆ ಕಾಣದ ಆಂಟೆನಾ ಬೇಕು, ಆದರೆ ಕೈಗೆ ಸಿಗುವ ಹಾಗೆ ಇರಲೇಬಾರದು. ರಸ್ತೆಯ ಕರೆಂಟ್ ಲೈನ್ ಇರುವ ಕಡೆಗಂತೂ ತಂತಿ ಎಳೆಯಲೇಬೇಡಿ, ಜೀವ ಹೋಗುತ್ತದೆ.

ಮೂರನೆಯದು ಡಬ್ಬಿಯ ಗುಣಮಟ್ಟ. ಇಲ್ಲಿ ಮಾರಿದವರ ಮೇಲೆ ನನಗೆ ಬೇಸರ ಇದೆ. ವಾಟರ್‌ಪ್ರೂಫ್ ಅಂತ ಮೇಲೆ ಬರೆದಿತ್ತು. ಮೊದಲ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ರಿಸೆಪ್ಷನ್ ದಿನದಿಂದ ದಿನಕ್ಕೆ ಮಂಕಾಯಿತು. ಬಿಚ್ಚಿ ನೋಡಿದರೆ ಒಳಗೆ ಒಂದು ಚಮಚ ನೀರು, ಕನೆಕ್ಟರ್ ಹಸಿರುಗಟ್ಟಿದೆ, ಕೋಆಕ್ಸ್‌ನ ಹೆಣಿಗೆ ತಂತಿ ಗೇಣುದ್ದ ಕಪ್ಪಾಗಿದೆ. ಮೂರು ಸಲ ಸಂದೇಶ ಕಳಿಸಿದರೂ ಉತ್ತರ ಬರಲಿಲ್ಲ. ಕನೆಕ್ಟರ್ ನಾನೇ ಬದಲಾಯಿಸಿದೆ, ಕಪ್ಪಾದ ಕೇಬಲ್ ಕತ್ತರಿಸಿ ಎಸೆದೆ, ಮುಚ್ಚಳದ ಸುತ್ತ ಸಿಲಿಕೋನ್ ಹಚ್ಚಿದೆ. ಡಬ್ಬಿಯನ್ನು ಕನೆಕ್ಟರ್ ಕೆಳಮುಖ ಇರುವಂತೆ ತಿರುಗಿಸಿ ಕಟ್ಟಿದೆ. ತಳದಲ್ಲಿ ಸೂಜಿ ತೂರುವಷ್ಟು ಒಂದು ತೂತು ಬಿಟ್ಟೆ, ಒಳಗೆ ಬೆವರಿದ ನೀರು ಇಳಿದುಹೋಗಲಿ ಅಂತ. ಜಾಯಿಂಟಿಗೆ ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ, ಅದನ್ನು ಸುತ್ತಿ ಮೇಲೆ ಮಾಮೂಲಿ ಕಪ್ಪು ಟೇಪ್ ಸುತ್ತಿದೆ. ಆಮೇಲಿನ ಎರಡು ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಹೋಗಿಲ್ಲ.

ಡಬ್ಬಿ ಮೇಲೆ 100 ವಾಟ್ ಅಂತಲೂ ಬರೆದಿದೆ. ಅದು ಮಾತಿಗೆ ಸರಿ, ಎಫ್‌ಟಿ8ಗೆ, ಅಂದರೆ ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ವಿಧಾನಕ್ಕೆ, ಅಲ್ಲ. ಎಫ್‌ಟಿ8ನಲ್ಲಿ ಪ್ರತಿ ಸರದಿಗೆ ಸುಮಾರು 13 ಸೆಕೆಂಡ್ ಬಿಡದೆ ಪೂರ್ತಿ ಪವರ್ ಹೋಗುತ್ತದೆ. 50 ವಾಟ್ ಇಟ್ಟು ನಾಲ್ಕೈದು ಸರದಿ ಆದ ಮೇಲೆ ಎಸ್‌ಡಬ್ಲ್ಯುಆರ್ ಮೆಲ್ಲಗೆ ಏರುವುದನ್ನು ಕಣ್ಣಾರೆ ನೋಡಿದೆ. ಪ್ರಸಾರ ನಿಲ್ಲಿಸಿ ಡಬ್ಬಿ ಬಿಚ್ಚಿ ಮುಟ್ಟಿದರೆ ಕೋರ್ ಇನ್ನೂ ಕಾದ ದೋಸೆ ಹೆಂಚು. ಒಳಗೆ ಚಿಕ್ಕ ರಿಂಗ್ ಹಾಕಿದ್ದರು. ಈಗ 25 ವಾಟ್ ದಾಟುವುದಿಲ್ಲ, 25 ವಾಟ್ ಧಾರಾಳ ಸಾಕು ಕೂಡ.

ಗದ್ದಲದ ವಿಷಯಕ್ಕೆ ಬರುತ್ತೇನೆ, ಊರೊಳಗಿನ ಹ್ಯಾಮ್‌ಗೆ ನಿಜವಾದ ಶತ್ರು ಅದೇ. ಸಿಗ್ನಲ್ ಎಷ್ಟೇ ದೂರ ಹೋದರೂ ಉತ್ತರ ಕೇಳದಿದ್ದರೆ ಏನು ಪ್ರಯೋಜನ, ಅಲ್ವಾ? 40 ಮೀಟರ್‌ನಲ್ಲಿ ನನ್ನ ರೇಡಿಯೋದ ಸಿಗ್ನಲ್ ಮೀಟರ್ ಸುಮ್ನೆ ಕೂತಾಗಲೂ ಎಸ್8 (ಅಂಕಿ ಹೆಚ್ಚಾದಷ್ಟು ಗದ್ದಲ ಜೋರು) ತೋರಿಸುತ್ತಿತ್ತು. ಒಂದು ಮಧ್ಯಾಹ್ನ ರೇಡಿಯೋವನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಇಳಿಸಿ, ಯುಪಿಎಸ್ ಕೂಡ ಆರಿಸಿದೆ. ಎಸ್8 ಇದ್ದದ್ದು ಎಸ್4ಕ್ಕೆ ಬಿತ್ತು. ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತ ಬಂದೆ. ಹಾಲ್‌ನ ಎಲ್‌ಇಡಿ ಪ್ಯಾನಲ್ ಲೈಟ್ ಹೊತ್ತಿದ ಕೂಡಲೇ ಗರ್ ಅಂತ ಶುರು. ಎರಡನೇ ಕಾರಣ ಯುಪಿಎಸ್‌ನ ಚಾರ್ಜರ್. ಲೈಟ್ ಬದಲಾಯಿಸಿದೆ, ಯುಪಿಎಸ್ ವೈರುಗಳಿಗೆ ಫೆರೈಟ್ ಹಾಕಿದೆ. ಈಗ ಎಸ್5. ಉಳಿದದ್ದು ಅಕ್ಕಪಕ್ಕದ ಮನೆಗಳದ್ದು, ಲಿಫ್ಟ್‌ನದ್ದು, ಅದಕ್ಕೆ ನಾನೇನೂ ಮಾಡಲಾರೆ. ಹೊಸ ಆಂಟೆನಾ ಕೊಳ್ಳುವ ಮೊದಲು ಈ ಒಂದು ಮಧ್ಯಾಹ್ನದ ಕೆಲಸ ಮಾಡಿ. ಬಾಲ್ಕನಿ ಆಂಟೆನಾ ಬಿಟ್ಟು ಟೆರೇಸ್ ತಂತಿಗೆ ಬಂದದ್ದರ ಲಾಭವೂ ಇಲ್ಲೇ ಕಾಣಿಸುವುದು. ಒಳಗಿನ ಒಳ್ಳೆಯ ಆಂಟೆನಾಗಿಂತ ಹೊರಗಿನ ಸಾಧಾರಣ ತಂತಿ ಮೇಲು, ಏಕೆಂದರೆ ಅದು ಚಾರ್ಜರ್, ಲೈಟು, ಟಿವಿಗಳಿಂದ ದೂರ ಇರುತ್ತದೆ.

ಫಲಿತಾಂಶ? ಬೆಳಿಗ್ಗೆ 40 ಮೀಟರ್‌ನಲ್ಲಿ ಕೇರಳ, ತಮಿಳುನಾಡು, ಆಂಧ್ರದವರು ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಕೇಳುತ್ತಾರೆ. ತಂತಿ ತಗ್ಗಿನಲ್ಲಿದೆ, ಆದ್ದರಿಂದ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ಸುತ್ತಲಿನ ಕೆಲವು ನೂರು ಕಿಲೋಮೀಟರ್ ದೂರದೊಳಗೆ ಇಳಿಯುತ್ತದೆ. ನಮ್ಮ ನೆರೆಹೊರೆಯ ಮಾತಿಗೆ ಅದೇ ಬೇಕು. 20 ಮೀಟರ್‌ನಲ್ಲಿ ಸಂಜೆ ಯುರೋಪ್ ಸಿಗುತ್ತದೆ. 2024ರಲ್ಲಿ ಸೂರ್ಯನ ಚಟುವಟಿಕೆ ಜೋರಾಗಿದ್ದಾಗ 10 ಮೀಟರ್‌ನಲ್ಲಿ ಜಪಾನ್‌ನವರ ಜೊತೆ 25 ವಾಟ್‌ನಲ್ಲಿ ಮಾತಾಡಿದ್ದೇನೆ, ಅದನ್ನು ಮರೆಯಲಾರೆ. ಅಮೆರಿಕ ಮಾತ್ರ ಕಷ್ಟ, ಎಫ್‌ಟಿ8ನಲ್ಲಿ ಆಗೊಮ್ಮೆ ಈಗೊಮ್ಮೆ. 30, 17, 12 ಮೀಟರ್ ಬೇಕೆಂದರೆ ಈ ಆಂಟೆನಾಗೆ ಟ್ಯೂನರ್ ಇಡಬೇಕು, ಇಟ್ಟರೂ ಅಷ್ಟಕ್ಕಷ್ಟೇ.

2 ಮೀಟರ್ ಬ್ಯಾಂಡ್‌ಗೆ ಬೇರೆ ವ್ಯವಸ್ಥೆ ಇದೆ. ಹಳೇ ದೂರದರ್ಶನ ಕಾಲದ ಚಪ್ಪಟೆ 300 ಓಮ್ ವೈರ್‌ನಿಂದ ಮಾಡಿದ ಒಂದೂವರೆ ಮೀಟರ್‌ನ ಸ್ಲಿಮ್ ಜಿಮ್ ಆಂಟೆನಾ, ಕಿಟಕಿ ಪರದೆಯ ಹಿಂದೆ ಮೊಳೆಗೆ ನೇತುಹಾಕಿದ್ದೇನೆ. ಊರಿನ ರಿಪೀಟರ್‌ಗೆ, ಅಂದರೆ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್‌ಗೆ, ಸಾಕು.

ಸಿಡಿಲಿನ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಕೇಳುವ ಮುಂಚೆಯೇ ಕೋಆಕ್ಸ್ ಬಿಚ್ಚಿ ಅದರ ತುದಿಯನ್ನು ಕಿಟಕಿ ಆಚೆಗೆ ಹಾಕುತ್ತೇನೆ. ರೇಡಿಯೋ ಆಫ್ ಮಾಡಿದರೆ ಸಾಲದು. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ತಂತಿಯನ್ನೇ ಇಳಿಸಿ ಸುತ್ತಿಡುತ್ತೇನೆ, ಹತ್ತು ನಿಮಿಷದ ಕೆಲಸ.

ಕೊಳ್ಳಬಹುದಾ ಅಂತ ಕೇಳಿದರೆ, ಟೆರೇಸ್‌ಗೆ ಹೋಗಲು ದಾರಿ ಇದ್ದವರಿಗೆ ಹೌದು. ಕಿಟ್‌ಗೆ ಕೊಡುವ ದುಡ್ಡಿನ ಜೊತೆ ಒಳ್ಳೆಯ ಫೆರೈಟ್ ರಿಂಗ್‌ಗೆ, ರಬ್ಬರ್ ಟೇಪ್‌ಗೆ ಇನ್ನೊಂದು 2,000 ರೂಪಾಯಿ ತೆಗೆದಿಡಿ, ಡಬ್ಬಿಯನ್ನು ಕಟ್ಟುವ ಮೊದಲೇ ಬಿಚ್ಚಿ ಒಳಗೆ ನೋಡಿ. ಟೆರೇಸ್ ಸಿಗದವರು ಲೂಪ್‌ನಲ್ಲೇ ತೃಪ್ತಿಪಡಬೇಕು, 20 ಮೀಟರ್ ಮತ್ತು ಅದಕ್ಕಿಂತ ಹೆಚ್ಚಿನ ಆವರ್ತನದ ಬ್ಯಾಂಡ್‌ಗಳಲ್ಲಿ ಅದು ಕೈ ಬಿಡುವುದಿಲ್ಲ. ನನ್ನ ತಂತಿ ಬಿಸಿಲಿಗೆ ಗಡುಸಾಗಿದೆ, ತೆಂಗಿನ ಮರದ ಕಡೆಯ ನೈಲಾನ್ ದಾರ ಮುಟ್ಟಿದರೆ ಪುಡಿ ಉದುರುತ್ತಿದೆ. ಮುಂಗಾರಿಗೆ ಮೊದಲು ಎರಡನ್ನೂ ಬದಲಾಯಿಸಬೇಕು.