ಮಾಕಿಂಗ್‌ಜೇ, ಅಲೀಜಿಯಂಟ್: ಎರಡು ಸರಣಿಗಳ ಕೊನೆಯ ಪುಸ್ತಕಗಳು

ಸುಝಾನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’ ಸರಣಿಯ ಮೂರನೆಯ ಪುಸ್ತಕ ‘ಮಾಕಿಂಗ್‌ಜೇ’ (2010) ಮತ್ತು ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ ಸರಣಿಯ ಮೂರನೆಯ ಪುಸ್ತಕ ‘ಅಲೀಜಿಯಂಟ್’ (2013) ಎರಡನ್ನೂ ಈ ಮಳೆಗಾಲದಲ್ಲಿ, ಧಾರವಾಡದ ನಮ್ಮ ಮನೆಯಲ್ಲಿ, ಪಿಯುಸಿ ಓದುತ್ತಿರುವ ಅಕ್ಕನ ಮಗಳೊಂದಿಗೆ ಒಂದರ ಬೆನ್ನಿಗೊಂದು ಓದಿದೆ. ಎರಡರಲ್ಲೂ ಅಧಿಕಾರದ ವಿರುದ್ಧ ಸಿಡಿದೆದ್ದ ಹುಡುಗಿಯೇ ನಾಯಕಿ. ಕಥೆಯನ್ನು ನ್ಯಾಯವಾಗಿ ಮುಗಿಸಿದ್ದು ಮಾತ್ರ ಮಾಕಿಂಗ್‌ಜೇ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹಂಗರ್ ಗೇಮ್ಸ್’ನ ಮೊದಲ ಪುಸ್ತಕದಲ್ಲಿ ನಾಯಕಿ ಕ್ಯಾಟ್ನಿಸ್, ಆಳುವ ರಾಜಧಾನಿ ಕ್ಯಾಪಿಟಲ್ ಜಿಲ್ಲೆಗಳ ಮಕ್ಕಳನ್ನು ಸಾಯುವವರೆಗೆ ಕಾದಾಡಿಸುವ ಆಟದ ಅಖಾಡಕ್ಕಿಳಿದದ್ದೇ ತಂಗಿ ಪ್ರಿಮ್‌ಳನ್ನು ಉಳಿಸಲು. ಕೊನೆಯದರಲ್ಲಿ ಆ ತಂಗಿಯೇ, ಗಾಯಗೊಂಡ ಮಕ್ಕಳ ಆರೈಕೆಗೆ ಧಾವಿಸಿದಾಗ, ಎರಡನೆಯ ಸಲ ಸಿಡಿಯುವ ಬಾಂಬಿಗೆ ಬಲಿಯಾಗುತ್ತಾಳೆ. ಅಂಥದ್ದೇ ಬಾಂಬಿನ ಉಪಾಯವನ್ನು ರೂಪಿಸಿದವರಲ್ಲಿ ಕ್ಯಾಟ್ನಿಸ್‌ಳ ಗೆಳೆಯ ಗೇಲ್ ಕೂಡ ಒಬ್ಬ. ಬಂಡಾಯದ ನಾಯಕಿ ಕಾಯಿನ್ ಗೆದ್ದ ಮೇಲೆ ಕ್ಯಾಪಿಟಲ್‌ನ ಮಕ್ಕಳಿಂದಲೇ ಮತ್ತೆ ಆ ಕ್ರೂರ ಆಟವನ್ನು ಆಡಿಸಲು ಮುಂದಾಗುತ್ತಾಳೆ, ಮತ್ತು ಕ್ಯಾಪಿಟಲ್‌ನ ಅಧ್ಯಕ್ಷ ಸ್ನೋನನ್ನು ಕೊಲ್ಲಬೇಕಾಗಿದ್ದ ಕ್ಯಾಟ್ನಿಸ್‌ಳ ಬಾಣ ಕಾಯಿನ್‌ಳನ್ನು ಕೊಲ್ಲುತ್ತದೆ. ಇದ್ಯಾವುದಕ್ಕೂ ಲೇಖಕಿ ಹೊಸ ನಿಯಮವನ್ನು ತರಬೇಕಾಗಿ ಬಂದಿಲ್ಲ. ಎಲ್ಲವೂ ಮೊದಲೇ ಬಿತ್ತಿದ್ದ ಬೀಜದ ಬೆಳೆ. ಬಂಡಾಯಗಾರರ ನೆಲೆಯಾದ ಹದಿಮೂರನೆಯ ಜಿಲ್ಲೆಯ ನೆಲಮಾಳಿಗೆಯ ಅಧ್ಯಾಯಗಳು ನಿಧಾನವೆಂಬುದು ನಿಜ. ಕ್ಯಾಟ್ನಿಸ್‌ಳೊಂದಿಗೆ ಆ ಆಟ ಆಡಿ, ಈಗ ಕ್ಯಾಪಿಟಲ್‌ನ ಸೆರೆಯಲ್ಲಿದ್ದ ಪೀಟನ ಬಿಡುಗಡೆಯಂಥ ದೊಡ್ಡ ಘಟನೆಯೂ ನಮ್ಮ ಕಣ್ಣಿಗೆ ಬೀಳದೆ ನಡೆದುಹೋಗುತ್ತದೆ.

ಅಲೀಜಿಯಂಟ್ ಸೋಲುವುದು ಮೊದಲೇ ಬಿತ್ತಿದ್ದನ್ನು ಬೆಳೆಸುವ ಈ ವಿಷಯದಲ್ಲಿಯೇ. ನಾವು ಎರಡು ಪುಸ್ತಕಗಳುದ್ದಕ್ಕೂ ನಂಬಿದ ಶಿಕಾಗೋ ನಗರವೇ ವಂಶವಾಹಿಗಳ ಒಂದು ಪ್ರಯೋಗವೆಂದು ಈಗ ತಿಳಿಸುವುದರಿಂದ, ಗುಣಕ್ಕೊಂದರಂತೆ ಜನರನ್ನು ಹಂಚಿದ್ದ ಪಂಗಡಗಳ ನಡುವಿನ ಹಿಂದಿನ ಸಂಘರ್ಷವೆಲ್ಲ ತೂಕ ಕಳೆದುಕೊಳ್ಳುತ್ತದೆ. ನಾಯಕಿ ಟ್ರಿಸ್ ಮತ್ತು ಅವಳ ಪ್ರಿಯಕರ ಟೊಬಾಯಸ್ ಸರದಿಯಂತೆ ಕಥೆ ಹೇಳುತ್ತಾರಾದರೂ ಇಬ್ಬರ ದನಿಯೂ ಒಂದೇ. ‘ಮಾಮಾ, ಈಗ ಹೇಳಾಕತ್ತಿದ್ದು ಟ್ರಿಸ್ಸೋ, ಟೊಬಾಯಸ್ಸೋ?’ ಎಂದು ಅಕ್ಕನ ಮಗಳು ಮತ್ತೆ ಮತ್ತೆ ಅಧ್ಯಾಯದ ತಲೆಬರಹಕ್ಕೆ ಮರಳುತ್ತಿದ್ದಳು.

ಆದರೆ ಅನೇಕ ಓದುಗರನ್ನು ಕೆರಳಿಸಿದ ಟ್ರಿಸ್‌ಳ ಸಾವನ್ನು ನಾನು ಮನಸಾರೆ ಸಮರ್ಥಿಸುತ್ತೇನೆ. ಮೊದಲ ಪುಸ್ತಕದಲ್ಲಿ ತಂದೆ ತಾಯಿ ಇಬ್ಬರೂ ಅವಳಿಗಾಗಿ ಪ್ರಾಣ ಕೊಟ್ಟಿದ್ದರು. ಇಲ್ಲಿ ಅವಳು ದ್ರೋಹ ಬಗೆದ ಅಣ್ಣ ಕೇಲಬ್‌ನ ಬದಲು ತಾನೇ ಸಾವಿನ ಕೋಣೆಗೆ ಹೋಗುತ್ತಾಳೆ. ಇಡೀ ಪುಸ್ತಕದಲ್ಲಿ ನಿಜವಾದ ತ್ಯಾಗವೆಂದರೇನು ಎಂಬ ಸರಣಿಯ ಮೂಲ ಪ್ರಶ್ನೆಗೆ ನೇರ ಉತ್ತರ ಸಿಗುವ ಜಾಗ ಇದೊಂದೇ.

ಉಪಸಂಹಾರಗಳಲ್ಲಿಯೂ ನನ್ನ ಒಲವು ಮಾಕಿಂಗ್‌ಜೇ ಕಡೆಗೆ. ಎರಡು ಮಕ್ಕಳ ತಾಯಿಯಾದ ಮೇಲೂ ಕ್ಯಾಟ್ನಿಸ್‌ಳನ್ನು ದುಃಸ್ವಪ್ನ ಬಿಡುವುದಿಲ್ಲ. ಯುದ್ಧ ಕಂಡವರ ಬದುಕು ಹಾಗೆಯೇ ಇರುತ್ತದೆ. ಎತ್ತರದ ಭಯವನ್ನು ಮೀರಿ ಟ್ರಿಸ್‌ಳ ಚಿತಾಭಸ್ಮವನ್ನು ಚೆಲ್ಲುವ ಟೊಬಾಯಸ್‌ನ ಬೀಳ್ಕೊಡುಗೆ ನನಗೆ ತುಸು ಅಚ್ಚುಕಟ್ಟಾಯಿತೆನ್ನಿಸಿದರೆ, ಅಕ್ಕನ ಮಗಳು ಅದನ್ನು ಒಪ್ಪುವುದಿಲ್ಲ. ಅವಳಿಗೆ ಅದೇ ಮೇಲು.