ಮೆಣಸಿಗೆ ಒಂದು, ಅಡಿಕೆಗೆ ಇನ್ನೊಂದು: ನಾಲ್ಕೈದು ಸಾಲ್ವೆಂಟ್ ಮಿಶ್ರಣ ಹಾಕಿ ನೋಡಿದ ಮೇಲೆ

ಶಿರಸಿ ಕಡೆ ಅಡಿಕೆ ಮರಕ್ಕೇ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಮರ ಒಂದೇ, ಆಲ್ಕಲಾಯ್ಡ್ (ಗಿಡದಲ್ಲಿರುವ ಸಾರಜನಕಯುಕ್ತ ರಾಸಾಯನಿಕ) ಎರಡು. ಮೆಣಸಿನಲ್ಲಿ ಪೈಪರಿನ್, ಅಡಿಕೆಯಲ್ಲಿ ಅರೆಕೊಲಿನ್. ನಮ್ಮ ತೋಟದ ಎರಡನ್ನೂ ಕಾರವಾರದ ಲ್ಯಾಬ್‌ಗೆ ಒಯ್ದು ಸಿಲಿಕಾ ಟಿಎಲ್‌ಸಿ ಪ್ಲೇಟ್ ಮೇಲೆ ಓಡಿಸಿದೆ. ಸಿಲಿಕಾ ಬಳಿದ ಈ ಪ್ಲೇಟ್‌ನ ತಳದಲ್ಲಿ ಸಾರದ ಚುಕ್ಕಿ ಇಟ್ಟರೆ, ಮೇಲೇರುವ ಸಾಲ್ವೆಂಟ್ (ಕರಗಿಸುವ ದ್ರವ) ಅದರ ಅಂಶಗಳನ್ನು ಬೇರೆ ಬೇರೆ ಎತ್ತರಕ್ಕೆ ಒಯ್ಯುತ್ತದೆ. ಎರಡಕ್ಕೂ ಒಂದೇ ಮಿಶ್ರಣ ಸಾಕಾಗಬಹುದು ಅಂದುಕೊಂಡಿದ್ದೆ. ಸಾಕಾಗಲಿಲ್ಲ.

ಮೆಣಸಿನ ಪುಡಿಯನ್ನು ಎಥನಾಲ್‌ನಲ್ಲಿ ಒಂದು ರಾತ್ರಿ ನೆನೆಸಿ ಸೋಸಿದೆ. ಮೊದಲು ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್, 7:3. ಪೈಪರಿನ್ ತಳದಿಂದ ಸ್ವಲ್ಪವೇ ಮೇಲೆದ್ದಿತು. ಆಮೇಲೆ ಹೆಕ್ಸೇನ್ ಬದಲು ಟೊಲ್ವೀನ್, ಅಳತೆ ಅದೇ. ಈ ಸಲ ಎಣ್ಣೆಯ ಅಂಶ ಮೇಲಿನ ಅಂಚಿಗೆ ಹೋಯಿತು, ಪೈಪರಿನ್ ಅದರಿಂದ ದೂರ ಉಳಿಯಿತು. ಯುವಿ ಲ್ಯಾಂಪ್‌ನ 365 ನ್ಯಾನೊಮೀಟರ್ ಬೆಳಕಿನಲ್ಲಿ ದುಂಡಗಿನ ನೀಲಿ ಚುಕ್ಕಿ ಹೊಳೆಯುವುದನ್ನು ನೋಡಿದಾಗ ತುಂಬಾ ಖುಷಿಯಾಯಿತು.

ಡೈಕ್ಲೋರೋಮೀಥೇನ್ ಹಾಕಿಯೂ ನೋಡಿದೆ. ಬೇಗ ಓಡುತ್ತದೆ, ನಿಜ. ಆದರೆ ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ. ಕರಾವಳಿಯ ಏಪ್ರಿಲ್ ಮಧ್ಯಾಹ್ನ ಚೇಂಬರ್ (ಪ್ಲೇಟ್ ಓಡಿಸುವ ಪಾತ್ರೆ) ಮುಚ್ಚಳ ಎರಡು ಸಲ ತೆಗೆದರೆ ಸಾಕು, ಮಿಶ್ರಣದ ಅಳತೆ ಕೆಡುತ್ತದೆ. ಬೆಳಗಿನ ಪ್ಲೇಟ್‌ಗೂ ಮಧ್ಯಾಹ್ನದ ಪ್ಲೇಟ್‌ಗೂ ತಾಳೆಯಾಗಲಿಲ್ಲ. ಟೊಲ್ವೀನ್ ಕುದಿಯಲು 110 ಡಿಗ್ರಿ ಬೇಕು, ಅದು ಅಷ್ಟು ಬೇಗ ಹಾರುವುದಿಲ್ಲ. ಮೆಣಸಿಗೆ ನನ್ನ ಆಯ್ಕೆ ಟೊಲ್ವೀನ್ ಮಿಶ್ರಣವೇ.

ಅದೇ ಮಿಶ್ರಣದಲ್ಲಿ ಅಡಿಕೆಯ ಸಾರ ಇಟ್ಟರೆ ಅರೆಕೊಲಿನ್ ತಳದಲ್ಲೇ ಅಂಟಿಕೊಂಡು ಉದ್ದ ಬಾಲ ಬಿಟ್ಟಿತು. ಸಿಲಿಕಾದ ಮೈ ಸ್ವಲ್ಪ ಆಮ್ಲೀಯ. ಅರೆಕೊಲಿನ್ ಪ್ರತ್ಯಾಮ್ಲ, ಹಾಗಾಗಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪೈಪರಿನ್ ಅಮೈಡ್ (ಹೆಚ್ಚುಕಡಿಮೆ ತಟಸ್ಥ ಸಂಯುಕ್ತ) ಆದ್ದರಿಂದ ಅದಕ್ಕೆ ಈ ತೊಂದರೆ ಇಲ್ಲ. ಅಂದರೆ ಅಡಿಕೆಯ ಮಿಶ್ರಣದಲ್ಲೇ ಒಂದು ಪ್ರತ್ಯಾಮ್ಲ ಇರಬೇಕು. (ಸಾರ ತೆಗೆಯುವಾಗ ಮಾತ್ರ ಸುಣ್ಣ ಬೇಡ, ಅಮೋನಿಯಾ ಸಾಕು. ಎಲೆಅಡಿಕೆ ಕವಳದಲ್ಲಿ ಆಗುವ ಹಾಗೆ ಸುಣ್ಣ ಅರೆಕೊಲಿನ್ ಅನ್ನು ಅರೆಕೈಡಿನ್ ಎಂಬ ಬೇರೆ ವಸ್ತು ಮಾಡಿಬಿಡುತ್ತದೆ.)

ಇಲ್ಲಿ ಎರಡರ ನಡುವೆ ನಿಜವಾದ ಪೈಪೋಟಿ. ಒಂದು, ಟೊಲ್ವೀನ್, ಈಥೈಲ್ ಅಸಿಟೇಟ್, ಡೈಈಥೈಲ್‌ಅಮೀನ್, 70:20:10. ಆಲ್ಕಲಾಯ್ಡ್ ಹುಡುಕುವವರು ಬಹಳ ಕಾಲದಿಂದ ಬಳಸುವ ಮಿಶ್ರಣ ಇದು. ಇನ್ನೊಂದು, ಕ್ಲೋರೋಫಾರ್ಮ್ ಮತ್ತು ಮೆಥನಾಲ್ 9:1, ಜೊತೆಗೆ ಕೆಲವು ಹನಿ ಅಮೋನಿಯಾ. ಎರಡರಲ್ಲೂ ಬಾಲ ಹೋಯಿತು. ವ್ಯತ್ಯಾಸ ಗೊತ್ತಾಗಿದ್ದು ಆಮೇಲೆ. ಅರೆಕೊಲಿನ್ 254 ನ್ಯಾನೊಮೀಟರ್ ಯುವಿ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಡ್ರ್ಯಾಗೆನ್‌ಡಾರ್ಫ್ (ಆಲ್ಕಲಾಯ್ಡ್ ಇದ್ದಲ್ಲಿ ಕಿತ್ತಳೆ ಬಣ್ಣ ತರುವ ದ್ರಾವಣ) ಸಿಂಪಡಿಸಲೇಬೇಕು. ಡೈಈಥೈಲ್‌ಅಮೀನ್ ಸ್ವಲ್ಪ ಉಳಿದಿದ್ದರೂ ಇಡೀ ಪ್ಲೇಟ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಹಾರಿಹೋಗಲಿ ಎಂದು ಬಿಸಿ ಗಾಳಿ ಹಿಡಿದೆ. ಸಿಂಪಡಿಸಿ ನೋಡಿದರೆ ಹಿನ್ನೆಲೆ ಸ್ವಚ್ಛ, ಆದರೆ ಅರೆಕೊಲಿನ್ ಚುಕ್ಕಿಯೂ ಮಸುಕು! ಅರೆಕೊಲಿನ್ ಎಣ್ಣೆಯಂಥ ದ್ರವ, ಬಿಸಿಗೆ ಅದೂ ಹಾರುತ್ತದೆ. ಅಮೋನಿಯಾ ಹಾಗಲ್ಲ, ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೆ ಸುಮ್ನೆ ಇಟ್ಟರೂ ಹೋಗುತ್ತದೆ. ಕಿತ್ತಳೆ ಚುಕ್ಕಿ ಎದ್ದು ಕಂಡಿತು, ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್ ಎಲ್ಲ ಕೆಳಗೇ ಉಳಿಯಿತು. ಕ್ಲೋರೋಫಾರ್ಮ್ ಉಸಿರಿಗೆ ಒಳ್ಳೆಯದಲ್ಲ, ಹುಡ್ ಇಲ್ಲದ ಕಡೆ ಅದನ್ನು ಯಾರಿಗೂ ಹೇಳುವುದಿಲ್ಲ. ಹುಡ್ ಇದ್ದರೆ ಅಡಿಕೆಗೆ ಅದೇ ಜಾಸ್ತಿ ಒಳ್ಳೆಯದು.

ಇದೆಲ್ಲ ಬೇಸಿಗೆಯ ಮಾತು. ಜುಲೈನಲ್ಲಿ ಸಿಲಿಕಾ ಗಾಳಿಯ ತೇವ ಹೀರುತ್ತದೆ, ಅದೇ ಮಿಶ್ರಣದಲ್ಲಿ ಚುಕ್ಕಿ ಬೇರೆ ಎತ್ತರಕ್ಕೆ ಹೋಗುತ್ತದೆ. ಓಡಿಸುವ ಮೊದಲು ಪ್ಲೇಟನ್ನು 110 ಡಿಗ್ರಿ ಅವನ್‌ನಲ್ಲಿ ಅರ್ಧ ಗಂಟೆ ಇಡುತ್ತೇನೆ. ಮೆಣಸಿನ ಪ್ಲೇಟ್ ಆದರೆ ಹೋಲಿಸಿ ನೋಡಲು ಅಂಚಿಗೆ ಶುದ್ಧ ಪೈಪರಿನ್‌ನ ಒಂದು ಚುಕ್ಕಿಯನ್ನೂ ಇಡುತ್ತೇನೆ.