ನಡೆಯುತ್ತಾ ನೋಟ್ಸ್ ಕೇಳಲು ವಾಯ್ಸ್ ಅಲೌಡ್ ರೀಡರ್
ಪಿಡಿಎಫ್, ಇ-ಪಬ್, ವೆಬ್ ಪುಟ ಯಾವುದನ್ನು ಕೊಟ್ಟರೂ ಈ ಆಂಡ್ರಾಯ್ಡ್ ಆ್ಯಪ್ ಓದಿ ಹೇಳುತ್ತದೆ. ದನಿ ಮಾತ್ರ ಇದರದ್ದಲ್ಲ, ಫೋನಿನದ್ದು. ಹಾಗಾಗಿ ಮೊದಲು ಸೆಟ್ಟಿಂಗ್ಸ್‌ನ ಟೆಕ್ಸ್ಟ್-ಟು-ಸ್ಪೀಚ್‌ಗೆ ಹೋಗಿ ಗೂಗಲ್‌ನ ಕನ್ನಡ ದನಿ ಇಳಿಸಿಕೊಳ್ಳಿ. ಆಮೇಲೆ ನೆಟ್ ಬೇಕಿಲ್ಲ. ಜೇಬಿಗಿಟ್ಟಾಗ ಓದು ನಿಂತುಹೋದರೆ ಬ್ಯಾಟರಿ ಸೇವರ್‌ನಿಂದ ಆ್ಯಪನ್ನು ಹೊರಗಿಡಿ.

ಆ್ಯಪ್ ಎಡವುವುದು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪಾದ ಹಳೆಯ ನೋಟ್ಸ್‌ನಲ್ಲಿ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಕಿವಿಗೆ ಬೀಳುವುದು ಬರೀ ಗೊಣಗಾಟ. ಫೋನಿಗೆ ಕನ್ನಡವಾಗಿಯೇ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಯೇ ಹಾಕಬೇಕು. ಸ್ಕ್ಯಾನ್ ಪ್ರತಿಯಾದರೆ ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆಯಿರಿ, ಪಠ್ಯ ಸಿಗುತ್ತದೆ. ಒತ್ತಕ್ಷರಗಳನ್ನು ಒಮ್ಮೆ ತಿದ್ದಿಕೊಳ್ಳಿ.

ವೇಗ 1.2 ಸಾಕು. ಇತಿಹಾಸ, ಸಂವಿಧಾನಕ್ಕೆ ಚೆನ್ನಾಗಿ ಒಪ್ಪುತ್ತದೆ. ಕೋಷ್ಟಕ ತುಂಬಿದ ಅರ್ಥಶಾಸ್ತ್ರಕ್ಕೆ ದಂಡ. ರಸ್ತೆ ಬದಿಯ ನಡಿಗೆಗೆ ಒಂದೇ ಕಿವಿಗೆ ಇಯರ್‌ಫೋನ್ ಹಾಕಿ.